ಕೋಟೆ, ಪೇಟೆ, ಹಳೆಯೂರು, ಕೋಡಿ: ತೆಂಗಿನ ಸೀಮೆಯ ಹಳೆಯ ಊರುಗಳ ಹೆಸರುಗಳ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ತೆಂಗಿನ ಬೆಳೆಗೆ ಹೆಸರಾಗಿದ್ದು, ‘ಕಲ್ಪತರು ನಾಡು’ ಎಂದು ಕರೆಯಲ್ಪಡುತ್ತವೆ. ಈ ಮೂರು ಪಟ್ಟಣಗಳ ಹಳೆಯ ಬೀದಿಗಳಲ್ಲಿ ವಾಸಿಸುತ್ತಿರುವವರು ಮತ್ತು ಅಲ್ಲಿ ಪಿತ್ರಾರ್ಜಿತ ಮನೆ ಅಥವಾ ನಿವೇಶನ ಹೊಂದಿ ಬೇರೆ ಊರುಗಳಲ್ಲಿ ನೆಲೆಸಿರುವವರು ಖಾತೆ ಬದಲಾವಣೆ, ವಂಶವೃಕ್ಷ ದೃಢೀಕರಣ, ವಾಸಸ್ಥಳ ದೃಢೀಕರಣ, ಹಳೆಯ ದಾಖಲೆಗಳ ನಕಲು ಮುಂತಾದ ಸೇವೆಗಳಿಗಾಗಿ ಅರ್ಜಿ ಸಲ್ಲಿಸುತ್ತಾರೆ. ಇಂತಹ ಅರ್ಜಿಗಳಲ್ಲಿ ಮೇಲಿಂದ ಮೇಲೆ ಉದ್ಭವಿಸುವ ಪ್ರಶ್ನೆ ಒಂದೇ ಆಗಿರುತ್ತದೆ. ಅಜ್ಜನ ಕಾಲದ ಪತ್ರದಲ್ಲಿ ಬರೆದಿರುವ ಸ್ಥಳ ಮತ್ತು ಅರ್ಜಿಯಲ್ಲಿ ನಮೂದಿಸಿರುವ ಸ್ಥಳ ಒಂದೇ ಎಂಬುದಕ್ಕೆ ಆಧಾರವೇನು?

ಊರಿನ, ಬೀದಿಯ ಅಥವಾ ಕೇರಿಯ ಹೆಸರು ಕೇವಲ ಕರೆಯುವ ಅನುಕೂಲಕ್ಕಾಗಿ ಇರುವಂತಹುದಲ್ಲ. ಆ ಊರನ್ನು ಯಾರು ಕಟ್ಟಿದರು, ನೀರು ಎಲ್ಲಿತ್ತು, ಯಾವ ಕಸುಬಿನವರು ನೆಲೆಸಿದ್ದರು ಎಂಬ ಸಂಗತಿಗಳು ಅದರಲ್ಲಿ ಅಡಗಿರುತ್ತವೆ. ವ್ಯಾಪಾರಿಯ ಲೆಕ್ಕದ ಪುಸ್ತಕದಲ್ಲಿ ಹೊಸ ವರ್ಷದ ಪುಟವು ಹಿಂದಿನ ವರ್ಷದಿಂದ ಬಂದ ಆರಂಭ ಶಿಲ್ಕಿನಿಂದ ಪ್ರಾರಂಭವಾಗುವಂತೆ, ಪ್ರತಿಯೊಂದು ವಿಳಾಸವೂ ಹಿಂದಿನವರಿಂದ ಬಂದ ಹೆಸರಿನಿಂದಲೇ ಪ್ರಾರಂಭವಾಗುತ್ತದೆ. ಆ ಶಿಲ್ಕನ್ನು ಬಿಟ್ಟು ಲೆಕ್ಕ ಬರೆದರೆ ತಾಳೆಯಾಗುವುದಿಲ್ಲ. ಈ ಹಿನ್ನೆಲೆಯಲ್ಲಿ ಸದರಿ ಮೂರು ಪಟ್ಟಣಗಳ ಹೆಸರುಗಳ ಮೂಲ, ಅವುಗಳೊಂದಿಗೆ ಉಳಿದು ಬಂದಿರುವ ಸ್ಥಳೀಯ ನೆನಪುಗಳು ಹಾಗೂ ಅರ್ಜಿದಾರರು ಗಮನಿಸಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

1. ತುರುವೇಕೆರೆ: ಜಾನುವಾರು, ಕೆರೆ ಮತ್ತು ಕಪ್ಪು ಕಲ್ಲು

ಹಳಗನ್ನಡದಲ್ಲಿ ‘ತುರು’ ಎಂದರೆ ದನ. ಶಾಸನಗಳಲ್ಲಿ ಮತ್ತು ವೀರಗಲ್ಲುಗಳಲ್ಲಿ ಕಂಡುಬರುವ ‘ತುರುಗೋಳ್’ ಎಂಬ ಪದಕ್ಕೆ ದನಗಳನ್ನು ಸೆರೆಹಿಡಿದುಕೊಂಡು ಹೋಗುವುದು ಎಂದು ಅರ್ಥ. ತುರುವೇಕೆರೆ ಎಂಬ ಹೆಸರನ್ನು ದನಗಳು ನೀರು ಕುಡಿಯುವ ಕೆರೆ ಎಂದು ಅರ್ಥೈಸಲಾಗುತ್ತದೆ. ದನವೇ ಸಂಪತ್ತಾಗಿದ್ದ ಕಾಲದಲ್ಲಿ ಮೇವು ಮತ್ತು ನೀರು ದೊರೆಯುವ ಸ್ಥಳವೇ ಊರಿನ ಗುರುತಾಗಿತ್ತೆಂಬುದು ಈ ಹೆಸರಿನಿಂದ ತಿಳಿದುಬರುತ್ತದೆ.

ಹೊಯ್ಸಳ ದೊರೆ ಮೂರನೆಯ ನರಸಿಂಹನ ಆಳ್ವಿಕೆಯಲ್ಲಿ, ಅಂದರೆ 13ನೆಯ ಶತಮಾನದ ಉತ್ತರಾರ್ಧದಲ್ಲಿ, ತುರುವೇಕೆರೆಯು ಅಗ್ರಹಾರವಾಗಿತ್ತು. ಸುಮಾರು 1260ರ ಅವಧಿಗೆ ಸೇರಿದ ಚೆನ್ನಕೇಶವ ದೇವಾಲಯ ಮತ್ತು ಮೂಲೆ ಶಂಕರೇಶ್ವರ ದೇವಾಲಯಗಳು ಇಂದಿಗೂ ಪಟ್ಟಣದಲ್ಲಿವೆ. ಗಂಗಾಧರೇಶ್ವರ ದೇವಾಲಯದ ಕಪ್ಪು ಶಿಲೆಯ ನಂದಿಯು ತನ್ನ ನುಣುಪು ಮತ್ತು ಹೊಳಪಿನಿಂದ ಪ್ರಸಿದ್ಧವಾಗಿದೆ. ಬೇಟೆರಾಯಸ್ವಾಮಿ ದೇವಾಲಯವು ಸುತ್ತಲಿನ ಗ್ರಾಮಗಳ ಭಕ್ತರನ್ನು ಸೆಳೆಯುತ್ತದೆ.

ಇವುಗಳಲ್ಲಿ ‘ಮೂಲೆ ಶಂಕರೇಶ್ವರ’ ಎಂಬ ಹೆಸರನ್ನು ವಿಶೇಷವಾಗಿ ಗಮನಿಸಬಹುದು. ದೇವರಿಗೆ ‘ಮೂಲೆ’ ಎಂಬ ವಿಶೇಷಣ ಬಂದಿರುವುದು ದೇವಾಲಯವು ಹಳೆಯ ಊರಿನ ಒಂದು ಮೂಲೆಯಲ್ಲಿದ್ದ ಕಾರಣದಿಂದ. ಊರು ಬೆಳೆದು, ರಸ್ತೆಗಳು ಬಂದು, ಹೊಸ ಬಡಾವಣೆಗಳು ನಿರ್ಮಾಣವಾದ ನಂತರವೂ ಜನರು ಆ ಸ್ಥಳವನ್ನು ಮೂಲೆ ಎಂದೇ ಕರೆಯುತ್ತಿದ್ದಾರೆ. ಏಳುನೂರು ವರ್ಷಗಳ ಹಿಂದಿನ ಊರಿನ ಎಲ್ಲೆಯು ನಕ್ಷೆಯ ನೆರವಿಲ್ಲದೆ ಒಂದು ಪದದಲ್ಲಿ ಉಳಿದು ಬಂದಿದೆ.

ಅಗ್ರಹಾರಗಳನ್ನು ಸ್ಥಾಪಿಸಿದಾಗ ರಾಜರ, ದಂಡನಾಯಕರ ಅಥವಾ ದೇವರ ಹೆಸರಿನೊಂದಿಗೆ ‘ಪುರ’ ಎಂಬ ಪದವನ್ನು ಸೇರಿಸಿ ಗೌರವದ ಹೆಸರನ್ನು ಇಡುವುದು ವಾಡಿಕೆಯಾಗಿತ್ತು. ಸೋಮ ದಂಡನಾಯಕನು ಕಾವೇರಿ ತೀರದಲ್ಲಿ ಸ್ಥಾಪಿಸಿದ ಸೋಮನಾಥಪುರವು ಇದಕ್ಕೆ ಉದಾಹರಣೆ. ಅಲ್ಲಿ ಇಟ್ಟ ಹೆಸರೇ ನಿಂತಿತು. ಆದರೆ ತುರುವೇಕೆರೆಯಲ್ಲಿ ಜನರ ನಾಲಿಗೆಯ ಮೇಲೆ ಉಳಿದುದು ಕೆರೆಯ ಹೆಸರು.

ತುರುವೇಕೆರೆಯ ಮತ್ತೊಂದು ನೆನಪು ಕಲ್ಲಿಗೆ ಸಂಬಂಧಿಸಿದೆ. ಪಟ್ಟಣದ ಸಮೀಪದ ಗುಡ್ಡದಿಂದ ತೆಗೆದ ಕರೀಕಲ್ಲನ್ನು ಶ್ರೀರಂಗಪಟ್ಟಣದ ಗಂಜಾಂನಲ್ಲಿರುವ ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಗುಂಬಜ್‌ನ ಕಂಬಗಳಿಗೆ ಬಳಸಲಾಯಿತೆಂದು ಮೈಸೂರು ಗೆಜೆಟಿಯರ್ ದಾಖಲಿಸಿದೆ. ಕರೀಕಲ್ಲು ಎಂಬುದು ಇಲ್ಲಿ ಬಣ್ಣದ ವರ್ಣನೆ ಮಾತ್ರವಲ್ಲದೆ ಒಂದು ಜಾಗದ ಗುರುತೂ ಆಗಿದೆ.

2. ಚಿಕ್ಕನಾಯಕನಹಳ್ಳಿ: ನಾಯಕನ ಹೆಸರು, ಅದಕ್ಕೂ ಹಿಂದಿನ ಹಳೆಯೂರು

ಚಿಕ್ಕನಾಯಕನಹಳ್ಳಿಯು ಹಾಗಲವಾಡಿ ಪಾಳೆಯಗಾರರ ಮನೆತನದ ಚಿಕ್ಕನಾಯಕನ ಹೆಸರನ್ನು ಹೊತ್ತಿದೆ. ಹಾಗಲವಾಡಿಯು ಪ್ರಸ್ತುತ ಗುಬ್ಬಿ ತಾಲ್ಲೂಕಿನ ಒಂದು ಗ್ರಾಮ. ಪಾಳೆಯಪಟ್ಟು ಇಲ್ಲವಾಗಿ ಎರಡು ಶತಮಾನಗಳಿಗೂ ಹೆಚ್ಚು ಕಾಲ ಕಳೆದಿದ್ದರೂ ಆ ಮನೆತನದ ಒಬ್ಬ ವ್ಯಕ್ತಿಯ ಹೆಸರನ್ನು ಪ್ರತಿದಿನ ಸಾವಿರಾರು ಜನರು ಬಸ್ಸಿನ ಫಲಕದಲ್ಲಿ, ಪಹಣಿಯಲ್ಲಿ ಮತ್ತು ಪಡಿತರ ಚೀಟಿಯಲ್ಲಿ ಓದುತ್ತಾರೆ.

1800ರಲ್ಲಿ ಮೈಸೂರು ಸೀಮೆಯಲ್ಲಿ ಪ್ರವಾಸ ಕೈಗೊಂಡ ಫ್ರಾನ್ಸಿಸ್ ಬುಕಾನನ್ ಈ ಪಟ್ಟಣಕ್ಕೆ ಭೇಟಿ ನೀಡಿದ್ದನು. ಆತನ ವಿವರಣೆಯಂತೆ ಪಟ್ಟಣವು ಚೌಕಾಕಾರದಲ್ಲಿದ್ದು, ಮಣ್ಣು ಮತ್ತು ಕಲ್ಲಿನ ಕೋಟೆಯಿಂದ ಸುತ್ತುವರಿದಿತ್ತು. ಮಧ್ಯದಲ್ಲಿ ಒಳಕೋಟೆ ಹಾಗೂ ಅದರ ಸುತ್ತ ಹೊರ ಊರು ಇದ್ದವು. ಅನೇಕ ಮನೆಗಳು ಪಾಳುಬಿದ್ದ ಸ್ಥಿತಿಯಲ್ಲಿದ್ದವು. ಈ ಸ್ಥಿತಿಗೆ ಹಿಂದಿನ ದಶಕದ ಯುದ್ಧಗಳ ಹಿನ್ನೆಲೆಯಿದೆ. 1791ರಲ್ಲಿ ಶ್ರೀರಂಗಪಟ್ಟಣದ ಕಡೆಗೆ ಸಾಗುತ್ತಿದ್ದ ಪರಶುರಾಮ ಭಾವೂವಿನ ನೇತೃತ್ವದ ಮರಾಠಾ ಸೈನ್ಯವು ಈ ಪಟ್ಟಣವನ್ನು ಲೂಟಿ ಮಾಡಿತ್ತು. ಕೋಟೆಯ ಗೋಡೆ ಕರಗಿಹೋದ ಊರುಗಳಲ್ಲಿಯೂ ‘ಕೋಟೆ’ ಎಂಬ ಹೆಸರು ಬೀದಿಗೆ ಉಳಿಯುತ್ತದೆ. ಹಿರಿಯರು ಇಂದಿಗೂ ‘ಕೋಟೆ ಒಳಗೆ’, ‘ಕೋಟೆ ಹೊರಗೆ’ ಎಂದು ಮನೆಗಳನ್ನು ಗುರುತಿಸುವುದುಂಟು.

ಪಟ್ಟಣದ ಒಂದು ಭಾಗಕ್ಕೆ ‘ಹಳೆಯೂರು’ ಎಂಬ ಹೆಸರಿದೆ. ಹಳೆಯೂರು ಆಂಜನೇಯಸ್ವಾಮಿ ದೇವಾಲಯವು ಈ ಭಾಗದ ಜನರ ಶ್ರದ್ಧಾಕೇಂದ್ರವಾಗಿದೆ. ಒಂದು ಭಾಗವನ್ನು ಹಳೆಯೂರು ಎಂದು ಕರೆಯಬೇಕಾದರೆ ಅದಕ್ಕಿಂತ ಹೊಸದಾದ ಊರೊಂದು ಪಕ್ಕದಲ್ಲಿ ಎದ್ದಿರಲೇಬೇಕು. ‘ಹಳೆಯ’ ಎಂಬ ಪದವೇ ಎರಡು ನೆಲೆಗಳ ನಡುವಿನ ಹಿರಿತನವನ್ನು ಸಾರುತ್ತದೆ. ನಾಯಕನ ಹೆಸರಿನ ಊರು ಪ್ರಸಿದ್ಧವಾದರೂ, ಮೊದಲು ನೆಲೆಸಿದವರ ಜಾಗವನ್ನು ಜನರು ಮರೆಯದೆ ಬೇರೆಯಾಗಿಯೇ ಕರೆಯುತ್ತಾ ಬಂದಿದ್ದಾರೆ.

ಇದೇ ಪಟ್ಟಣದಲ್ಲಿ ಮುಸ್ಲಿಂ ಸಂತರೊಬ್ಬರ ಸಮಾಧಿಯನ್ನು ‘ತಾತಯ್ಯನ ಗೋರಿ’ ಎಂದು ಕರೆಯಲಾಗುತ್ತದೆ. ತಾತಯ್ಯ ಎಂಬುದು ಮನೆಯ ಹಿರಿಯರನ್ನು ಗೌರವದಿಂದ ಕರೆಯುವ ಪದ. ಇಲ್ಲಿನ ಉರುಸ್‌ನಲ್ಲಿ ಎಲ್ಲ ಧರ್ಮದವರೂ ಭಾಗವಹಿಸುತ್ತಾರೆ. ಸಂತರನ್ನು ಊರಿನವರು ತಮ್ಮ ಮನೆಯ ತಾತನನ್ನಾಗಿ ಭಾವಿಸಿರುವುದಕ್ಕೆ ಆ ಹೆಸರೇ ಸಾಕ್ಷಿ.

ನೇಯ್ಗೆಯು ಈ ಪಟ್ಟಣದ ಹಳೆಯ ಕಸುಬುಗಳಲ್ಲಿ ಒಂದು. ದೇವಾಂಗ ಸಮುದಾಯದವರು ನೇಯುತ್ತಿದ್ದ ಬಿಳಿ ಮತ್ತು ಬಣ್ಣದ ದಪ್ಪ ಹತ್ತಿ ಬಟ್ಟೆಗಳ ಉಲ್ಲೇಖ ಹಳೆಯ ಗೆಜೆಟಿಯರ್‌ಗಳಲ್ಲಿದೆ. ಮಗ್ಗದ ಸದ್ದು ಕಡಿಮೆಯಾದ ನಂತರವೂ ಹಳೆಯ ಪಟ್ಟಣಗಳಲ್ಲಿ ಬೀದಿಗಳು ಕಸುಬಿನ ಹೆಸರಿನಿಂದಲೇ ಗುರುತಿಸಲ್ಪಡುವುದು ಸಾಮಾನ್ಯ ಸಂಗತಿ.

3. ಹೊನ್ನವಳ್ಳಿ ಮತ್ತು ತಿಪಟೂರು: ತಾಲ್ಲೂಕಿನ ಹೆಸರು ಬದಲಾದ ಬಗೆ

ತಿಪಟೂರು ತಾಲ್ಲೂಕು 19ನೆಯ ಶತಮಾನದಲ್ಲಿ ಹೊನ್ನವಳ್ಳಿ ತಾಲ್ಲೂಕು ಎಂದು ಕರೆಯಲ್ಪಡುತ್ತಿತ್ತು. ಹೊನ್ನವಳ್ಳಿಗೆ ಆ ಹೆಸರು ಅಲ್ಲಿನ ಹೊನ್ನಮ್ಮ ದೇವಿಯಿಂದ ಬಂದಿದೆ ಎಂಬುದು ಸ್ಥಳೀಯ ನಂಬಿಕೆ. ಹೊನ್ನವಳ್ಳಿಯ ತೋಟಗಳಲ್ಲಿ ಬೆಳೆಯುತ್ತಿದ್ದ ‘ಗಂಗಾಪಾನಿ’ ಎಂಬ ತೆಂಗಿನ ಎಳನೀರು ತನ್ನ ರುಚಿಗೆ ಹೆಸರಾಗಿದ್ದುದನ್ನು ಮೈಸೂರು ಗೆಜೆಟಿಯರ್ ಪ್ರಸ್ತಾಪಿಸುತ್ತದೆ.

ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲಿ ರೈಲು ಸಂಚಾರ ಪ್ರಾರಂಭವಾಯಿತು. ಈ ಮಾರ್ಗವು ತಿಪಟೂರು, ಅರಸೀಕೆರೆ, ಬೀರೂರುಗಳ ಮೂಲಕ 1889ರ ವೇಳೆಗೆ ಹರಿಹರದವರೆಗೆ ಪೂರ್ಣಗೊಂಡಿತು. ರೈಲುಮಾರ್ಗವು ಹೊನ್ನವಳ್ಳಿಯನ್ನು ಮುಟ್ಟದೆ ತಿಪಟೂರನ್ನು ಮುಟ್ಟಿತು. ಅದೇ ದಶಕದಲ್ಲಿ ತಾಲ್ಲೂಕು ಕೇಂದ್ರವೂ ಹೊನ್ನವಳ್ಳಿಯಿಂದ ತಿಪಟೂರಿಗೆ ಬಂದಿತು. ಕಚೇರಿಯೊಂದಿಗೆ ತಾಲ್ಲೂಕಿನ ಹೆಸರೂ ಬದಲಾಯಿತು. ಹೊನ್ನವಳ್ಳಿಯು ಇಂದು ತಿಪಟೂರು ತಾಲ್ಲೂಕಿನ ಒಂದು ಹೋಬಳಿ ಕೇಂದ್ರವಾಗಿದೆ. ತುರುವೇಕೆರೆಯು ಪ್ರತ್ಯೇಕ ತಾಲ್ಲೂಕಾಗುವ ಮೊದಲು ತಿಪಟೂರು ತಾಲ್ಲೂಕಿಗೆ ಸೇರಿದ ಉಪ ತಾಲ್ಲೂಕಾಗಿತ್ತು.

ಈ ಸಂಗತಿಗಳು ಚರಿತ್ರೆಯ ಆಸಕ್ತರಿಗೆ ಮಾತ್ರ ಸಂಬಂಧಿಸಿದವಲ್ಲ. ಒಂದೇ ಮನೆತನದ ಮೂರು ತಲೆಮಾರಿನ ಪತ್ರಗಳಲ್ಲಿ ಒಂದೇ ಜಮೀನು ‘ಹೊನ್ನವಳ್ಳಿ ತಾಲ್ಲೂಕು’, ‘ತಿಪಟೂರು ತಾಲ್ಲೂಕು’, ‘ತುರುವೇಕೆರೆ ತಾಲ್ಲೂಕು’ ಎಂದು ಬೇರೆ ಬೇರೆ ರೀತಿಯಲ್ಲಿ ನಮೂದಾಗಿರುವ ಸಾಧ್ಯತೆ ಇದೆ. ಇದು ಬರವಣಿಗೆಯ ದೋಷವಲ್ಲ. ಜಮೀನು ಇದ್ದಲ್ಲಿಯೇ ಇದೆ, ಆಡಳಿತದ ಎಲ್ಲೆ ಮಾತ್ರ ಬದಲಾಗಿದೆ.

ತಿಪಟೂರು ಪಟ್ಟಣದ ಗ್ರಾಮದೇವತೆ ಕೆಂಪಮ್ಮ ದೇವಿ. ದೊಡ್ಡಪೇಟೆ ಎಂಬ ಹೆಸರು ವ್ಯಾಪಾರದ ಬೀದಿಯನ್ನು ಸೂಚಿಸುತ್ತದೆ. ರೈಲು ಬಂದ ನಂತರ ಕೊಬ್ಬರಿ ವ್ಯಾಪಾರವು ಬೆಳೆದು, ತಿಪಟೂರಿನ ಕೊಬ್ಬರಿ ಮಾರುಕಟ್ಟೆಯು ದೇಶದಾದ್ಯಂತ ಹೆಸರಾಯಿತು. ಇಲ್ಲಿನ ವಿಶೇಷತೆ ಉಂಡೆ ಕೊಬ್ಬರಿ. ಬಲಿತ ಕಾಯಿಗಳನ್ನು ಮನೆಯ ಅಥವಾ ತೋಟದ ಅಟ್ಟದ ಮೇಲೆ ಹಲವು ತಿಂಗಳುಗಳ ಕಾಲ ಇರಿಸಲಾಗುತ್ತದೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲುಗಾಡಿಸಿದಾಗ ಸದ್ದು ಬರುವ ಹಂತದಲ್ಲಿ ಸಿಪ್ಪೆ ಸುಲಿದು ಚಿಪ್ಪು ಒಡೆದು ಇಡೀ ಉಂಡೆಯನ್ನು ತೆಗೆಯಲಾಗುತ್ತದೆ. ಹೀಗಾಗಿ ಈ ಸೀಮೆಯಲ್ಲಿ ಮನೆಯ ಅಟ್ಟವು ಕೇವಲ ಸಾಮಾನು ಇಡುವ ಸ್ಥಳವಾಗಿರದೆ ಕುಟುಂಬದ ಉಳಿತಾಯದ ಖಾತೆಯೂ ಆಗಿತ್ತು. ಮದುವೆ, ಶಾಲೆಯ ಶುಲ್ಕ, ಆಸ್ಪತ್ರೆಯ ವೆಚ್ಚಗಳಿಗೆ ಅಟ್ಟದ ಕಾಯಿಯನ್ನೇ ನೆಚ್ಚಿಕೊಂಡ ಮನೆಗಳು ಅನೇಕ. ಊರಿನ ಹೆಸರು ತೆಂಗಿನ ತಳಿಗೂ ಸಂದಿದ್ದು, ‘ತಿಪಟೂರು ಟಾಲ್’ ಎಂಬ ತಳಿಯು ಕೃಷಿ ವಿಜ್ಞಾನಿಗಳಿಗೆ ಪರಿಚಿತವಾಗಿದೆ.

ತಿಪಟೂರಿನಲ್ಲಿ ಸದಾ ವಾಹನ ಸಂಚಾರವಿರುವ ಒಂದು ವೃತ್ತಕ್ಕೆ ‘ಕೋಡಿ ಸರ್ಕಲ್’ ಎಂದು ಹೆಸರು. ಕೆರೆ ತುಂಬಿದಾಗ ಹೆಚ್ಚುವರಿ ನೀರು ಹೊರಗೆ ಹರಿಯುವ ಸ್ಥಳವನ್ನು ಕೋಡಿ ಎನ್ನುತ್ತಾರೆ. ಕೆರೆ ಕೋಡಿ ಬೀಳುವುದು ರೈತರಿಗೆ ಹಬ್ಬದ ಸಂಗತಿ. ವೃತ್ತದಲ್ಲಿ ಬಸ್ಸಿಗೆ ಕಾಯುವ ಯುವಜನರಿಗೆ ಈ ಪದದ ಅರ್ಥ ತಿಳಿಯದಿರಬಹುದು. ಆದರೆ ನಿವೇಶನ ಖರೀದಿಸುವವರು, ಕಟ್ಟಡ ಪರವಾನಗಿಗೆ ಅರ್ಜಿ ಸಲ್ಲಿಸುವವರು ಇಂತಹ ಹೆಸರುಗಳನ್ನು ಲಕ್ಷಿಸುವುದು ಹಿತಕರ. ಕೋಡಿ, ಹಳ್ಳ, ಕಟ್ಟೆ, ತೂಬು ಎಂಬ ಪದಗಳು ಜಾಗದ ಹೆಸರಿನಲ್ಲಿದ್ದರೆ ಅಲ್ಲಿ ಒಂದು ಕಾಲದಲ್ಲಿ ನೀರಿನ ದಾರಿ ಇತ್ತೆಂದು ತಿಳಿಯಬೇಕು. ನೀರು ಹಲವು ವರ್ಷ ಬಾರದಿದ್ದರೂ, ಬಂದಾಗ ತನ್ನ ದಾರಿಯಲ್ಲಿಯೇ ಬರುತ್ತದೆ.

4. ಹೆಸರಿನ ಭಾಗವಾದ ಪದಗಳು ಮತ್ತು ಅವುಗಳ ಅರ್ಥ

ಈ ಸೀಮೆಯ ಸ್ಥಳನಾಮಗಳಲ್ಲಿ ಪದೇ ಪದೇ ಬರುವ ಕೆಲವು ಪದಗಳನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಕೆಳಗೆ ನೀಡಲಾಗಿದೆ.

ಕೆರೆ: ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕಂದಿಕೆರೆ, ಶೆಟ್ಟಿಕೆರೆ ಮತ್ತು ಹಂದನಕೆರೆ ಎಂಬ ಮೂರು ಹೋಬಳಿಗಳು ಕೆರೆಯ ಹೆಸರನ್ನೇ ಹೊಂದಿವೆ. ತಿಪಟೂರು ತಾಲ್ಲೂಕಿನ ನೊಣವಿನಕೆರೆಯೂ ಹೋಬಳಿ ಕೇಂದ್ರವಾಗಿದೆ. ಮಳೆ ಕಡಿಮೆ ಇರುವ ಈ ಪ್ರದೇಶದಲ್ಲಿ ಕೆರೆ ಕಟ್ಟಿದಲ್ಲಿ ಊರು ಬೆಳೆಯಿತು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಸಂದ್ರ: ಇದು ‘ಸಮುದ್ರ’ ಎಂಬ ಪದದ ಸವೆದ ರೂಪ. ದೊಡ್ಡ ಕೆರೆಯನ್ನು ಸಮುದ್ರ ಎಂದು ಕರೆಯುವುದು ರೂಢಿಯಲ್ಲಿತ್ತು. ತುರುವೇಕೆರೆ ತಾಲ್ಲೂಕಿನ ಮಾಯಸಂದ್ರ ಮತ್ತು ಬಾಣಸಂದ್ರ ಇದಕ್ಕೆ ಉದಾಹರಣೆಗಳು.

ಸಂತೆ: ವಾರದ ವ್ಯಾಪಾರ ಸೇರುತ್ತಿದ್ದ ಸ್ಥಳ. ನೊಣವಿನಕೆರೆ ಸಮೀಪದ ವಿಘ್ನಸಂತೆಯಲ್ಲಿ 13ನೆಯ ಶತಮಾನದ ಲಕ್ಷ್ಮೀನರಸಿಂಹ ದೇವಾಲಯವಿದೆ.

ದಂಡು, ಪಾಳ್ಯ: ಸೈನ್ಯ ಮತ್ತು ಸೈನ್ಯದ ಬಿಡಾರಕ್ಕೆ ಸಂಬಂಧಿಸಿದ ಪದಗಳು. ತುರುವೇಕೆರೆ ತಾಲ್ಲೂಕಿನ ದಂಡಿನಶಿವರ ಎಂಬ ಹೆಸರಿನಲ್ಲಿ ದಂಡು ಎಂಬ ಪದವಿದೆ.

ಹಟ್ಟಿ: ದನ ಕುರಿಗಳನ್ನು ಕೂಡುವ ಜಾಗ ಮತ್ತು ಅದರ ಸುತ್ತ ಬೆಳೆದ ವಸತಿ. ಗೊಲ್ಲರಹಟ್ಟಿ, ಕುರುಬರಹಟ್ಟಿ ಎಂಬ ಹೆಸರುಗಳು ಈ ಸೀಮೆಯಲ್ಲಿ ಸಾಮಾನ್ಯ.

ಕಸಬಾ: ತಾಲ್ಲೂಕಿನ ಮುಖ್ಯ ಪಟ್ಟಣ ಮತ್ತು ಅದರ ಸುತ್ತಲಿನ ಹೋಬಳಿ. ಇದು ಅರಬ್ಬಿ ಮೂಲದಿಂದ ಆಡಳಿತದ ಭಾಷೆಯ ಮೂಲಕ ಕನ್ನಡಕ್ಕೆ ಬಂದ ಪದ. ಮೂರು ತಾಲ್ಲೂಕುಗಳಲ್ಲಿಯೂ ಕಸಬಾ ಹೋಬಳಿ ಇರುವುದರಿಂದ ಅರ್ಜಿಯಲ್ಲಿ ‘ಕಸಬಾ’ ಎಂದು ಮಾತ್ರ ಬರೆಯದೆ ತಾಲ್ಲೂಕಿನ ಹೆಸರನ್ನೂ ನಮೂದಿಸುವುದು ಅವಶ್ಯಕ.

ಪೇಟೆ: ಕೋಟೆಯ ಹೊರಗೆ ಅಥವಾ ಪಕ್ಕದಲ್ಲಿ ವ್ಯಾಪಾರಿಗಳು ಮತ್ತು ಕಸುಬುದಾರರು ನೆಲೆಸಿದ ಭಾಗ.

5. ಐತಿಹ್ಯ ಮತ್ತು ಆಧಾರ

ಸ್ಥಳನಾಮಗಳ ಬಗ್ಗೆ ಜನರು ಹೇಳುವ ಕಥೆಗಳೆಲ್ಲವೂ ಚಾರಿತ್ರಿಕ ಆಧಾರಗಳಲ್ಲ. ತುಮಕೂರು ಸಮೀಪದ ಕೈದಾಳವನ್ನು ಇದಕ್ಕೆ ನಿದರ್ಶನವಾಗಿ ನೋಡಬಹುದು. ಶಿಲ್ಪಿ ಜಕಣಾಚಾರಿಯು ತಾನು ಕಡಿದುಕೊಂಡಿದ್ದ ಕೈಯನ್ನು ಇಲ್ಲಿ ಚೆನ್ನಕೇಶವನ ಕೃಪೆಯಿಂದ ಮರಳಿ ಪಡೆದನು, ಆದುದರಿಂದ ಊರಿಗೆ ಕೈದಾಳ ಎಂಬ ಹೆಸರು ಬಂದಿತು ಎಂಬ ಕಥೆ ಪ್ರಚಲಿತದಲ್ಲಿದೆ. ಊರಿನ ಹಿಂದಿನ ಹೆಸರು ಕ್ರೀಡಾಪುರ ಎಂದೂ ಹೇಳಲಾಗುತ್ತದೆ. ಜಕಣಾಚಾರಿಯ ಕಥೆಯು ಐತಿಹ್ಯವಾಗಿದ್ದರೂ, ಅದು ಆ ಊರಿನ ಜನರು ತಮ್ಮ ದೇವಾಲಯವನ್ನು ಕಾಣುವ ಬಗೆಯನ್ನು ತಿಳಿಸುತ್ತದೆ.

ಹೊಯ್ಸಳರ ರಾಜಧಾನಿಯ ಹೆಸರು ದೋರಸಮುದ್ರ ಎಂದಿತ್ತು. ರಾಜಧಾನಿ ಹಾಳಾದ ನಂತರ ಜನರು ಅದನ್ನು ಹಳೇಬೀಡು, ಅಂದರೆ ಹಳೆಯ ವಾಸಸ್ಥಾನ, ಎಂದು ಕರೆದರು. ಶಾಸನದಲ್ಲಿ ಕೆತ್ತಿದ ಹೆಸರಿಗಿಂತ ಜನರು ಕರೆದ ಹೆಸರು ದೀರ್ಘಕಾಲ ಬಾಳಿತು. ಚಿಕ್ಕನಾಯಕನಹಳ್ಳಿಯ ಹಳೆಯೂರು ಮತ್ತು ಹಾಸನ ಜಿಲ್ಲೆಯ ಹಳೇಬೀಡು, ಗಾತ್ರದಲ್ಲಿ ಎಷ್ಟೇ ಅಂತರವಿದ್ದರೂ, ಒಂದೇ ರೀತಿಯ ನೆನಪಿನಿಂದ ಬಂದ ಹೆಸರುಗಳಾಗಿವೆ.

ಕಚೇರಿಯ ಕೆಲಸಕ್ಕೆ ಸಂಬಂಧಿಸಿದಂತೆ ಈ ಎರಡನ್ನೂ ಅವುಗಳ ಸ್ಥಾನದಲ್ಲಿ ಇರಿಸಬೇಕಾಗುತ್ತದೆ. ದಾಖಲೆಯು ಹಕ್ಕನ್ನು ಸ್ಥಾಪಿಸುತ್ತದೆ. ನೆನಪು ಆ ದಾಖಲೆಯನ್ನು ಓದಲು ನೆರವಾಗುತ್ತದೆ.

6. ಹಳೆಯ ಪತ್ರಗಳಲ್ಲಿ ಸ್ಥಳವನ್ನು ಗುರುತಿಸುತ್ತಿದ್ದ ರೀತಿ

ಹಿಂದಿನ ಕ್ರಯಪತ್ರ, ವಿಭಾಗಪತ್ರ ಮತ್ತು ದಾನಪತ್ರಗಳಲ್ಲಿ ಮನೆಯ ಸಂಖ್ಯೆ ಅನೇಕ ವೇಳೆ ಇರುತ್ತಿರಲಿಲ್ಲ. ಅದರ ಬದಲಾಗಿ ಚಕ್ಕುಬಂದಿಯನ್ನು ಬರೆಯಲಾಗುತ್ತಿತ್ತು. ಪೂರ್ವಕ್ಕೆ ಸರ್ಕಾರಿ ಓಣಿ, ಪಶ್ಚಿಮಕ್ಕೆ ಇಂತಹವರ ಹಿತ್ತಲು, ಉತ್ತರಕ್ಕೆ ಹುಣಸೆಮರ, ದಕ್ಷಿಣಕ್ಕೆ ಸೇದುವ ಬಾವಿ ಎಂಬಂತೆ ನಾಲ್ಕು ದಿಕ್ಕಿನ ಗುರುತುಗಳನ್ನು ನೀ��ಲಾಗುತ್ತಿತ್ತು. ಮನೆಯ ವಿಸ್ತೀರ್ಣವನ್ನು ಅಡಿಗಳಲ್ಲಿ ಹೇಳುವ ಬದಲು ಇಷ್ಟು ಅಂಕಣದ ಮನೆ ಎಂದು ಬರೆಯುವುದೂ ಇತ್ತು. ಎರಡು ಕಂಬಗಳ ಸಾಲಿನ ನಡುವಿನ ಜಾಗಕ್ಕೆ ಅಂಕಣ ಎನ್ನುತ್ತಾರೆ.

ಪತ್ರ ಬರೆದ ದಿನ ಇಡೀ ಬೀದಿಗೆ ತಿಳಿದಿದ್ದ ಗುರುತುಗಳು ಇವು. ಆದರೆ ಮರ ಬಿದ್ದಿದೆ, ಬಾವಿ ಮುಚ್ಚಿದೆ, ಹಿತ್ತಲು ಮಾರಾಟವಾಗಿ ಅಲ್ಲಿ ಮಳಿಗೆ ಎದ್ದಿದೆ. ಬೀದಿಗೆ ಗಣ್ಯರೊಬ್ಬರ ಹೆಸರನ್ನು ಇಡಲಾಗಿದೆ. ಇಂತಹ ಸಂದರ್ಭದಲ್ಲಿ ಮನೆತನದ ಕಿರಿಯರು ಪತ್ರವನ್ನು ಕೈಯಲ್ಲಿ ಹಿಡಿದಿದ್ದರೂ ಅದು ಸೂಚಿಸುವ ಜಾಗವನ್ನು ತೋರಿಸಲು ಅಶಕ್ತರಾಗುತ್ತಾರೆ. ಹುಣಸೆಮರ ಎಲ್ಲಿತ್ತೆಂದು ಬಲ್ಲ ಅಜ್ಜಿಯೊಬ್ಬರು ಬದುಕಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸವು, ಅವರು ಇಲ್ಲವಾದ ನಂತರ ದಾಯಾದಿಗಳ ನಡುವೆ ವರ್ಷಗಟ್ಟಲೆ ವ್ಯಾಜ್ಯಕ್ಕೆ ಎಡೆಮಾಡಿಕೊಡಬಹುದು.

ಹಿಂದೆ ಇಂತಹ ನೆನಪುಗಳನ್ನು ಶಾನುಭೋಗರು ಮತ್ತು ಪಟೇಲರು ಹೊಂದಿರುತ್ತಿದ್ದರು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಅಧಿನಿಯಮದಿಂದ ವಂಶಪಾರಂಪರ್ಯದ ಹುದ್ದೆಗಳು ಕೊನೆಗೊಂಡು, ಗ್ರಾಮ ಲೆಕ್ಕಿಗರ ವ್ಯವಸ್ಥೆ ಜಾರಿಗೆ ಬಂದಿತು. ಈ ಹುದ್ದೆಯನ್ನು ಈಗ ಗ್ರಾಮ ಆಡಳಿತ ಅಧಿಕಾರಿ ಎಂದು ಕರೆಯಲಾಗುತ್ತದೆ. ಇದರಿಂದ ಆಡಳಿತವು ಎಲ್ಲರಿಗೂ ಸಮಾನವಾಯಿತು. ಅದೇ ಸಮಯದಲ್ಲಿ, ವರ್ಗಾವಣೆಯಾಗಿ ಬರುವ ಅಧಿಕಾರಿಗೆ ಊರಿನ ಮರ ಬಾವಿಗಳ ನೆನಪು ಇರಲು ಸಾಧ್ಯವಿಲ್ಲವಾದ್ದರಿಂದ, ಆ ನೆನಪನ್ನು ಕಾಪಾಡುವ ಜವಾಬ್ದಾರಿಯು ಕುಟುಂಬಗಳಿಗೆ ಸೇರಿತು.

7. ಅರ್ಜಿದಾರರು ಗಮನಿಸಬೇಕಾದ ಅಂಶಗಳು

(1) ಮೂಲ ದಾಖಲೆಯಲ್ಲಿ ಊರು, ಬೀದಿ ಅಥವಾ ಕೇರಿಯ ಹೆಸರು ಹೇಗಿದೆಯೋ ಹಾಗೆಯೇ ಅರ್ಜಿಯಲ್ಲಿ ಬರೆಯುವುದು. ಪ್ರಸ್ತುತ ಬಳಕೆಯಲ್ಲಿರುವ ಹೆಸರು ಬೇರೆ ಇದ್ದಲ್ಲಿ ಅದನ್ನೂ ಜೊತೆಯಲ್ಲಿಯೇ ನಮೂದಿಸುವುದು.

(2) ಪಟ್ಟಣ ವ್ಯಾಪ್ತಿಯ ಆಸ್ತಿಗಳಿಗೆ ಸಂಬಂಧಿಸಿದಂತೆ ತಿಪಟೂರಿನಲ್ಲಿ ನಗರಸಭೆ, ಚಿಕ್ಕನಾಯಕನಹಳ್ಳಿಯಲ್ಲಿ ಪುರಸಭೆ ಮತ್ತು ತುರುವೇಕೆರೆಯಲ್ಲಿ ಪಟ್ಟಣ ಪಂಚಾಯಿತಿ ದಾಖಲೆಗಳನ್ನು ನಿರ್ವಹಿಸುತ್ತವೆ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಆಸ್ತಿಗಳಿಗೆ ಇ-ಸ್ವತ್ತು ವ್ಯವಸ್ಥೆಯಲ್ಲಿ ನಮೂನೆಗಳನ್ನು ನೀಡಲಾಗುತ್ತದೆ. ಪಟ್ಟಣದ ಅಂಚಿನಲ್ಲಿರುವ ಹಳೆಯ ಗ್ರಾಮಗಳ ನಿವಾಸಿಗಳು ತಮ್ಮ ಆಸ್ತಿಯು ಯಾವ ಸಂಸ್ಥೆಯ ವ್ಯಾಪ್ತಿಯಲ್ಲಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳುವುದು.

(3) ಹಳೆಯ ಪತ್ರಗಳಲ್ಲಿ ‘ಮೈಸೂರು ಸಂಸ್ಥಾನ’ ಅಥವಾ ‘ಮೈಸೂರು ರಾಜ್ಯ’ ಎಂದಿದ್ದರೆ ಗಾಬರಿಪಡುವ ಅವಶ್ಯಕತೆ ಇಲ್ಲ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು 1973ರ ನವೆಂಬರ್ 1ರಂದು ಬಂದಿದೆ.

(4) 2014ರ ನವೆಂಬರ್ 1ರಿಂದ ರಾಜ್ಯದ 12 ನಗರಗಳ ಹೆಸರುಗಳು ಬದಲಾಗಿದ್ದು, ಅವುಗಳಲ್ಲಿ ತುಮಕೂರು ಸಹ ಸೇರಿದೆ. ತುಮಕೂರಿಗೆ ಸಂಬಂಧಿಸಿದಂತೆ ಇಂಗ್ಲಿಷ್ ಕಾಗುಣಿತ ಮಾತ್ರ ಬದಲಾಗಿರುತ್ತದೆ. ಕನ್ನಡದಲ್ಲಿ ಮೊದಲಿನಿಂದಲೂ ತುಮಕೂರು ಎಂದೇ ಇದೆ.

(5) ಹೊನ್ನವಳ್ಳಿ, ತಿಪಟೂರು ಮತ್ತು ತುರುವೇಕೆರೆ ತಾಲ್ಲೂಕುಗಳ ಹೆಸರುಗಳು ಒಂದೇ ಆಸ್ತಿಯ ಬೇರೆ ಬೇರೆ ಕಾಲದ ಪತ್ರಗಳಲ್ಲಿ ಬಂದಿದ್ದಲ್ಲಿ, ಸರ್ವೆ ನಂಬರು, ಗ್ರಾಮದ ಹೆಸರು ಮತ್ತು ಚಕ್ಕುಬಂದಿಯನ್ನು ಹೋಲಿಸಿ ನೋಡುವುದು. ಹಳೆಯ ದಾಖಲೆಯ ನಕಲಿಗಾಗಿ ಅರ್ಜಿ ಸಲ್ಲಿಸುವಾಗ ಪತ್ರದ ವರ್ಷವನ್ನು ತಿಳಿಸಿದರೆ ಹುಡುಕಲು ಅನುಕೂಲವಾಗುತ್ತದೆ.

(6) ಒಂದೇ ಹೆಸರಿನ ಗ್ರಾಮಗಳು ಅಕ್ಕಪಕ್ಕದ ಹೋಬಳಿಗಳಲ್ಲಿ ಇರುವ ಸಾಧ್ಯತೆ ಇರುವುದರಿಂದ ಗ್ರಾಮ, ಹೋಬಳಿ ಮತ್ತು ತಾಲ್ಲೂಕು ಮೂರನ್ನೂ ತಪ್ಪದೆ ಬರೆಯುವುದು.

(7) ಚಕ್ಕುಬಂದಿಯಲ್ಲಿ ಹೇಳಿರುವ ಗುರುತುಗಳು ಈಗ ಇಲ್ಲವಾದಲ್ಲಿ, ಅವು ಇದ್ದ ಸ್ಥಳವನ್ನು ಬಲ್ಲ ಹಿರಿಯರಿಂದ ವಿವರ ಕೇಳಿ ಬರೆದಿಟ್ಟುಕೊಳ್ಳುವುದು. ಸ್ಥಳ ಪರಿಶೀಲನೆಯ ದಿನ ಸಾಧ್ಯವಾದರೆ ಅವರು ಹಾಜರಿರುವಂತೆ ನೋಡಿಕೊಳ್ಳುವುದು.

(8) ಹಳೆಯ ಕಂದಾಯ ರಸೀದಿಗಳು, ವಿದ್ಯುತ್ ಬಿಲ್ಲುಗಳು, ಶಾಲಾ ದಾಖಲಾತಿ ಪತ್ರಗಳನ್ನು ನಿರುಪಯುಕ್ತವೆಂದು ಎಸೆಯಬಾರದು. ಬೀದಿಯ ಹಳೆಯ ಮತ್ತು ಹೊಸ ಹೆಸರುಗಳ ಸಂಬಂಧವನ್ನು ತೋರಿಸಲು ಇವು ಉಪಯೋಗಕ್ಕೆ ಬರುತ್ತವೆ.

8. ದಾಖಲೆಯಲ್ಲಿ ಹೆಸರೇ ಇಲ್ಲದ ವಸತಿಗಳು

ಹಳೆಯ ಪಟ್ಟಣಗಳಲ್ಲಿ ಒಂದು ಜಾಗಕ್ಕೆ ಎರಡು ಮೂರು ಹೆಸರುಗಳಿರುವುದು ಸಮಸ್ಯೆಯಾದರೆ, ಸುತ್ತಲಿನ ಅನೇಕ ವಸತಿಗಳಿಗೆ ದಾಖಲೆಯಲ್ಲಿ ಹೆಸರೇ ಇರಲಿಲ್ಲ. ಗೊಲ್ಲರಹಟ್ಟಿ, ಲಂಬಾಣಿ ತಾಂಡ, ವಡ್ಡರಹಟ್ಟಿ, ಕುರುಬರಹಟ್ಟಿ, ಪಾಳ್ಯ, ದೊಡ್ಡಿ ಮುಂತಾದವುಗಳಲ್ಲಿ ಜನರು ತಲೆಮಾರುಗಳಿಂದ ವಾಸಿಸುತ್ತಿದ್ದರೂ, ಅವು ಕಂದಾಯ ಗ್ರಾಮಗಳಾಗಿರದೆ ಬೇರೆ ಗ್ರಾಮದ ಸರ್ವೆ ನಂಬರಿನೊಳಗೆ ಸೇರಿದ್ದವು. ಊರಿನ ಹೆಸರು ಎಲ್ಲರ ಬಾಯಲ್ಲಿದ್ದರೂ ಕಾಗದದಲ್ಲಿ ಇರಲಿಲ್ಲ. ಆದ್ದರಿಂದ ತಾವು ಕಟ್ಟಿದ ಮನೆಯ ಜಾಗಕ್ಕೆ ಹಕ್ಕುಪತ್ರ ಪಡೆಯಲು ಅಲ್ಲಿನವರಿಗೆ ಸಾಧ್ಯವಾಗುತ್ತಿರಲಿಲ್ಲ.

ಇದನ್ನು ಸರಿಪಡಿಸಲು ಕರ್ನಾಟಕ ಭೂ ಸುಧಾರಣಾ ಅಧಿನಿಯಮಕ್ಕೆ ತಿದ್ದುಪಡಿ ತರಲಾಗಿದ್ದು, 2017ರಲ್ಲಿ ರಾಷ್ಟ್ರಪತಿಯವರ ಅಂಕಿತ ದೊರೆತಿದೆ. ಇಂತಹ ದಾಖಲೆರಹಿತ ಜನವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಿ ನಿವಾಸಿಗಳಿಗೆ ಹಕ್ಕುಪತ್ರ ನೀಡುವ ಕಾರ್ಯವು ನಂತರ ರಾಜ್ಯದ ವಿವಿಧ ಜಿಲ್ಲೆಗಳಲ್ಲಿ ನಡೆದಿದೆ. ಒಂದು ಹಟ್ಟಿಯ ಹೆಸರು ಮೊದಲ ಬಾರಿಗೆ ಪಹಣಿಯ ಗ್ರಾಮದ ಕಲಮಿನಲ್ಲಿ ಬರೆಯಲ್ಪಟ್ಟಾಗ, ಅಲ್ಲಿನ ಕುಟುಂಬಗಳಿಗೆ ಸ್ವಂತ ಮನೆ ಎಂಬ ಮಾತು ಕಾನೂನಿನ ಅರ್ಥದಲ್ಲಿಯೂ ನಿಜವಾಗುತ್ತದೆ. ಹೆಸರಿಗೆ ಇರುವ ಬೆಲೆ ಎಷ್ಟೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ನಿದರ್ಶನ ಬೇರೆ ಇಲ್ಲ.

9. ಸಾರ್ವಜನಿಕರಲ್ಲಿ ಕೋರಿಕೆ

ಹಳೆಯ ಬೀದಿಗಳಿಗೆ ಹೊಸ ಹೆಸರುಗಳನ್ನು ಇಡುವುದು ಸ್ಥಳೀಯ ಸಂಸ್ಥೆಗಳ ಅಧಿಕಾರಕ್ಕೆ ಒಳಪಟ್ಟ ವಿಷಯವಾಗಿದೆ. ಗಣ್ಯರ ಸ್ಮರಣೆಯೂ ಅಗತ್ಯವೇ. ಆದರೆ ಹೊಸ ಹೆಸರಿನ ಫಲಕದ ಕೆಳಗೆ ಹಳೆಯ ಹೆಸರನ್ನೂ ಬರೆಯುವುದರಿಂದ ಯಾರಿಗೂ ನಷ್ಟವಿಲ್ಲ, ಮುಂದಿನ ತಲೆಮಾರಿನ ಅರ್ಜಿದಾರರಿಗೆ ಬಹಳಷ್ಟು ಪ್ರಯೋಜನವಿದೆ.

ಪ್ರತಿಯೊಂದು ಕುಟುಂಬವೂ ತಮ್ಮ ಮನೆಯ ಹಿರಿಯರನ್ನು ಕೂರಿಸಿಕೊಂಡು, ಬೀದಿಯ ಹಳೆಯ ಹೆಸರು, ಅಕ್ಕಪಕ್ಕದ ಮನೆತನಗಳು, ಇದ್ದ ಬಾವಿ, ಮರ, ಕಟ್ಟೆ, ಓಣಿಗಳ ವಿವರವನ್ನು ಒಂದು ಹಾಳೆಯಲ್ಲಿ ಬರೆದು, ದಿನಾಂಕ ನಮೂದಿಸಿ, ಆಸ್ತಿ ಪತ್ರಗಳೊಂದಿಗೆ ಇರಿಸುವುದು ಸೂಕ್ತ. ಇದಕ್ಕೆ ಶುಲ್ಕವಿಲ್ಲ, ನಿಗದಿತ ನಮೂನೆಯೂ ಇಲ್ಲ. ಅಟ್ಟದ ಮೇಲಿನ ಕಾಯಿಯು ಕಾಲ ಕಳೆದಂತೆ ಕೊಬ್ಬರಿಯಾಗಿ ಬೆಲೆ ಪಡೆಯುತ್ತದೆ. ಹಿರಿಯರ ನೆನಪಿಗೆ ಆ ಸೌಲಭ್ಯವಿಲ್ಲ, ಅದು ಕಾಲ ಕಳೆದಂತೆ ಕರಗುತ್ತದೆ. ಆದ್ದರಿಂದ ಈ ಕೆಲಸವನ್ನು ಮುಂದೂಡದೆ ಪೂರೈಸಿಕೊಳ್ಳಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.